ಮಾದರಿ ಕಾಳು

ಕಾರಟಗಿಯೊಳಗ, ನವಲಿ ರಸ್ತೆ ಬಾಜೂಕ
ತಗಡಿನ ಮಿಲ್ಲು. ಹಿಂದಿನ ಪಡಸಾಲ್ಯಾಗ
ಇಪ್ಪತ್ತೊಂದು ಮಂದಿ ಕುಂದ್ರತಿದ್ವಿ, ಮೊರ ಹಿಡಕೊಂಡು.
ಕೂಲಿ ಕೊಡತಿದ್ದದ್ದು ಕಣ್ಣಿಗೆ,
ಕೈ ಬರೀ ಕಣ್ಣಿನ ಆಳು.

ಕರಿಮೂತಿ, ಹಳದಿ, ಸುಣ್ಣದಂಥ ಬಿಳಿಹೊಟ್ಟಿ,
ಕಲ್ಲಿನಂಗ ಕಾಣೋ ಕಾಳು, ಕಾಳಿನಂಗ ಕಾಣೋ ಕಲ್ಲು,
ಮಾತಾಡಕೋಂತನ ತಗೀತಿದ್ವಿ.
ಮಾಬವ್ವನ ಸೊಸಿ ಹಡದದ್ದು,
ನೂರಿ ಗಂಡನ್ನ ಬಿಟ್ಟು ಬಂದದ್ದು,
ಎಲ್ಲಾ ಆ ಅಕ್ಕ್ಯಾಗ ಹಾದು ಹೋಗೇತಿ.
ಹೈದರಾಬಾದಿನವರು ಉಂಡಾರ ನಮ್ಮ ಸುದ್ದಿ.

ಯುಗಾದಿ ಆದಮ್ಯಾಲ ಲಾರಿಯಾಗ ಬಂತು ಸಾರ್ಟೆಕ್ಸು,
ನೀಲಿ ಬಣ್ಣ, ಬೀರುವಿಗಿಂತ ಎತ್ತರ.
ಜೋಡಿಗೆ ಕೊಯಮತ್ತೂರಿನ ಹುಡುಗ,
ಅರ್ಧ ತಮಿಳು, ಅರ್ಧ ಕೈಸನ್ನಿ:
ಇದಕ್ಕ ಕಣ್ಣದಾವು, ಗುರುತಿಲ್ಲ.
ಒಂದು ಕಿಲೋ ಕೆಟ್ಟ ಕಾಳು ಆರಿಸಿ ಕೊಡ್ರಿ,
ತೋರಸ್ತೀನಿ, ಕಲೀತೈತಿ.

ಮೂರು ದಿನ ಹಿಡೀತು.
ಯಾವತ್ತೂ ಬಿಸಾಕೋದನ್ನ
ಜ್ವಾಕ್ಯಾಗಿ ಸ್ಟೀಲಿನ ಡಬ್ಬಿಗೆ ಹಾಕಿದ್ವಿ.
ಕಡೀ ದಿನ ಯಾರೂ ಮಾತಾಡಲಿಲ್ಲ.
ಗಿರಿಜವ್ವ ಒಬ್ಬಾಕಿ ಅಂದಳು,
"ಯಾರ ತಿಥಿ ಅಕ್ಕಿ ಆರಸಾಕತ್ತೀವೇ ನಾವು?"

ನಾನೊಂದು ಕೆಲಸ ಮಾಡೀನಿ, ಇವತ್ತಿಗೂ ಯಾರಿಗೂ ಹೇಳಿಲ್ಲ.
ಬೆನ್ನಮ್ಯಾಲ ಸಣ್ಣ ಕೆಂಪು ಗೆರಿ ಇರತೈತಲ್ಲ,
ಕೆಟ್ಟದ್ದಲ್ಲ ಆ ಕಾಳು. ಗಂಜಿಗೆ ಭಾಳ ರುಚಿ.
ನಮ್ಮವ್ವ ಬಾಣಂತ್ಯಾರಿಗೆ ತಗದಿಡತಿದ್ಲು.
ಅದನ್ನ ಹಿಡಿಗಟ್ಲೆ ಡಬ್ಬಿಗೆ ಸುರಿವಿದೆ.

ಈಗ ಪಡಸಾಲ್ಯಾಗ ಚೀಲ ಒಟ್ಟ್ಯಾರ.
ಇಬ್ಬರನ್ನ ಇಟಗೊಂಡಾರ, ನೂರಿನ್ನ, ನನ್ನ,
ಅದರ ಗಾಜು ಒರಸಾಕ.
ಧೂಳು ಕುಂತರ ಅದಕ್ಕ ಮಂಜು ಮಂಜು ಕಾಣತೈತಂತ.
ನನಗೂ ಹಂಗ ಕಾಣತೈತಿ.
ಮೆತ್ತನ್ನ ಬಟ್ಟಿ ಅದಕ್ಕಷ್ಟ ಕೊಟ್ಟಾರ.

ಟಿಸ್ ಟಿಸ್ ಅಂತ ಗಾಳಿ ಊದತೈತಿ,
ಸಾಲು ಬಿಟ್ಟು ಕಾಳು ಜಿಗೀತಾವು.
ಕೆಂಪು ಗೆರೀದು ಒಂದನ್ನೂ ಬಿಡಂಗಿಲ್ಲ,
ಕೋಲೆಬಸವ, ಹೇಳಿಕೊಟ್ಟಂಗ ಕೇಳತೈತಿ.

ಸಂಜಿಗೆ ರಿಜೆಕ್ಟ್ ಚೀಲ ಕೋಳಿಫಾರಂಗೆ ಹೋಗೋಕಿಂತ ಮೊದಲ
ಎರಡು ಸೇರು ಇಸಗೋತೀನಿ.
"ಈ ಕೆಟ್ಟಕ್ಕಿ ಯಾಕಬೇ ನಿನಗ?" ಮುನೀಮ ಕೇಳತಾನ.
"ಕೋಳಿಗೆ."

ರಾತ್ರಿ ಮೊರ ಹಿಡಕೊಂಡು ಕುಂದ್ರತೀನಿ,
ಕರೀದು ಆ ಕಡಿ, ಗೆರೀದು ಈ ಕಡಿ.
ಇದಕ್ಕ ಕೂಲಿ ಇಲ್ಲ.
ನಮ್ಮನ್ಯಾಗ ಕೋಳೀನೂ ಇಲ್ಲ.
ಮಾಬವ್ವನ ಸೊಸಿ
ಮತ್ತ ಹಡದಾಳ.