ಒಂದೂವರೆ ಲೀಟರು

ಏಳು ದಿನಕ್ಕೆ ಏಳು ಮನೆ, ಮನೆಗೆ ಮೂರು ಕೋಣೆ.
ಭಾನುವಾರ ಸಂಜೆ ದಿಯೊಲಿಂದಾ ಕನ್ನಡಕ ಏರಿಸಿ
ನನ್ನ ಮಾತ್ರೆಯ ಡಬ್ಬಿ ತುಂಬುತ್ತಾಳೆ.
ಮೇಲಿನಿಂದ ನೋಡಿದರೆ ಥೇಟು ನಮ್ಮ ಉಪ್ಪಿನಗದ್ದೆ:
ಅದೇ ಚೌಕ, ಅದೇ ಬದು,
ತಳದಲ್ಲಿ ಬೆಳ್ಳಗೆ ಕೂತಿರುವುದು ಮಾತ್ರ ಬೇರೆ.

ಅವೈರೊದ ಹಿನ್ನೀರಿನಲ್ಲಿ ನಲವತ್ತೊಂದು ಬೇಸಿಗೆ
ಗೋರುಮಣೆ ಎಳೆದವನು ನಾನು, ಬೆಲ್ಮಿರೊ.
ನೀರನ್ನು ಎಲ್ಲಿ ಒಳಬಿಡಬೇಕು, ಎಷ್ಟು ಹೊತ್ತು ನಿಲ್ಲಿಸಬೇಕು,
ಯಾವ ಗಾಳಿಗೆ ಯಾವ ತೂಬು ತೆರೆಯಬೇಕು,
ಕಣ್ಣು ಮುಚ್ಚಿ ಹೇಳುತ್ತಿದ್ದೆ.
ನನ್ನೊಳಗೇ ನೀರು ನಿಂತದ್ದು ತಿಳಿಯಲಿಲ್ಲ.

ಮೊದಲು ಬೂಟು ಬಿಗಿಯಾಯಿತು. ಬೂಟಿನದೇ ತಪ್ಪೆಂದೆ.
ಆಮೇಲೆ ಎರಡು ದಿಂಬು, ಆಮೇಲೆ ಮೂರು,
ಆಮೇಲೆ ಅಡುಗೆಮನೆಯ ಕುರ್ಚಿಯಲ್ಲೇ ಕೂತು ಬೆಳಗು ಮಾಡಿದೆ.
ಮಲಗಿದರೆ ಉಬ್ಬರ ಎದೆಯವರೆಗೆ ಬರುತ್ತಿತ್ತು.

ಡಾಕ್ಟರು ಪರದೆಯ ಮೇಲೆ ನನ್ನ ಹೃದಯ ತೋರಿಸಿದರು.
ನೂರು ತುಂಬಿಕೊಂಡರೆ ಇಪ್ಪತ್ತೆಂಟು ತಳ್ಳುತ್ತದಂತೆ ಹೊರಗೆ.
ಉಳಿದದ್ದು? ಎಂದೆ.
ಅಲ್ಲೇ, ಎಂದರು.
ಸೋಮಾರಿ ಕೂಲಿಯಾಳನ್ನು ನೋಡುವಂತೆ ನೋಡಿದೆ ಅದನ್ನು.
ಆಮೇಲೆ ನಾಚಿಕೆಯಾಯಿತು. ಅದಕ್ಕೆ
ಒಂದು ಭಾನುವಾರವಾದರೂ ರಜೆ ಕೊಟ್ಟವನೇ ನಾನು?

ಉಪ್ಪು ಬಿಡಿ, ಎಂದರು.
ಯಾರಿಗೆ ಹೇಳುತ್ತಿದ್ದೀರಿ ಗೊತ್ತೆ, ಎನ್ನಲಿಲ್ಲ.
ನೀರು ದಿನಕ್ಕೆ ಒಂದೂವರೆ ಲೀಟರು, ಸೂಪೂ ಸೇರಿ, ಎಂದರು.
ಉಪ್ಪು ತಿಂದವನು ನೀರು ಕುಡಿಯಲೇಬೇಕು, ಸರಿ.
ಉಪ್ಪೂ ಇಲ್ಲ, ನೀರಿಗೂ ಲೆಕ್ಕ ಅಂದರೆ
ನಾನು ಯಾವ ಗಾದೆಗೆ ಸೇರಿದವನು?

ಬೆಳಗಿನ ಮಾತ್ರೆ ತೂಬು ತೆರೆಯುತ್ತದೆ;
ಹತ್ತು ಗಂಟೆಯವರೆಗೆ ಮನೆ ಬಿಟ್ಟು ಹೊರಡುವಂತಿಲ್ಲ.
ಕಾಲುವೆ ದಂಡೆಯ ಯಾವ ಕೆಫೆಯಲ್ಲಿ ಮೆಟ್ಟಿಲು ಹತ್ತದೆ ಶೌಚಾಲಯವಿದೆ
ನನ್ನನ್ನು ಕೇಳಿ.
ಇನ್ನೊಂದು, ಓಡುವ ಎದೆಯ ಕಾಲಿಗೆ ಹಗ್ಗ ಕಟ್ಟುತ್ತದೆ.
ಮತ್ತೊಂದು ನುಂಗಿ ಥಟ್ಟನೆ ಎದ್ದರೆ
ಇಗರ್ಜಿಯ ಗೋಪುರ ನನ್ನ ಕಡೆ ವಾಲುತ್ತದೆ.
ಮಾರ್ಚಿನಲ್ಲಿ ಸಾಕಾಗಿ ನಾಲ್ಕು ದಿನ
ಎಲ್ಲವನ್ನೂ ಕಿಟಕಿಯ ಹೂಕುಂಡಕ್ಕೆ ಹಾಕಿದೆ.
ಗಿಡ ಚೆನ್ನಾಗಿಯೇ ಇತ್ತು. ಐದನೆಯ ರಾತ್ರಿ
ಆಂಬುಲೆನ್ಸು ಬಂತು.

ಒಣಮೀನನ್ನು ದಿಯೊಲಿಂದಾ ಈಗ ಮೂರು ದಿನ ನೆನೆಹಾಕುತ್ತಾಳೆ,
ಹೊತ್ತುಹೊತ್ತಿಗೆ ನೀರು ಬದಲಿಸಿ, ನಾಲಿಗೆಗಿಟ್ಟು ನೋಡಿ, ಮತ್ತೆ ಬದಲಿಸಿ.
ಮೀನು ಏನೂ ಅನ್ನುವುದಿಲ್ಲ.
ನಾನು ಅನ್ನುತ್ತೇನೆ. ಬೆಳ್ಳುಳ್ಳಿ ಇನ್ನೂ ಹಾಕು, ಅನ್ನುತ್ತೇನೆ.

ಮೊನ್ನೆ ಗದ್ದೆಯ ಕಡೆ ಹೋಗಿದ್ದೆ, ಎರಡು ಕಡೆ ನಿಂತು ನಿಂತು.
ಒಬ್ಬ ಹುಡುಗಿ ಅದನ್ನು ಗುತ್ತಿಗೆ ಹಿಡಿದಿದ್ದಾಳೆ, ಪ್ರವಾಸಿಗರಿಗೆಂದು.
ನನ್ನ ಗೋರುಮಣೆ ಗೋಡೆಗೆ ತೂಗಿದೆ, ಕೆಳಗೊಂದು ಚೀಟಿ.
ಹೊರಟಾಗ ಕೈಗೆ ಎರಡು ಚೀಲ ಇಟ್ಟಳು, ಕಿಲೋ ಕಿಲೋ,
ನೀರ ಮೇಲೆ ಕಟ್ಟಿದ ಕೆನೆಯುಪ್ಪು.
ಬೇಡವೆನ್ನಲು ಬಾಯಿ ಬರಲಿಲ್ಲ.

ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ತಕ್ಷಣ ಫೋನು ಮಾಡಿ
ಎಂದು ನರ್ಸ್ ವಾನಿಯಾ ಫ್ರಿಜ್ಜಿಗೆ ಅಂಟಿಸಿ ಹೋಗಿದ್ದಾಳೆ.
ಮರುದಿನ ಬೆಳಿಗ್ಗೆ, ಸುಮ್ಮನೆ,
ಚೀಲಗಳನ್ನು ಎದೆಗವಚಿ ತೂಕದ ಯಂತ್ರ ಹತ್ತಿದೆ.
ಹಿಂದಿನಿಂದ ಬಂದ ದಿಯೊಲಿಂದಾಗೆ ಕಂಡದ್ದು
ನನ್ನ ಬೆನ್ನು ಮತ್ತು ಅಂಕಿ.
ನಾನು ತಿರುಗುವಷ್ಟರಲ್ಲಿ ಫೋನು ಕಿವಿಯಲ್ಲಿತ್ತು, ದನಿ ನಡುಗುತ್ತಿತ್ತು.

ತಿರುಗಿದೆ. ಚೀಲ ನೋಡಿದಳು.
ಆ ತುದಿಯಿಂದ ವಾನಿಯಾ ಹಲೋ ಹಲೋ ಎನ್ನುತ್ತಲೇ ಇದ್ದಳು.
ಅರವತ್ತು ಕಿಲೋದ ಬುಟ್ಟಿ ತಲೆಯ ಮೇಲೆ ಹೊತ್ತು
ಹಲಗೆಯ ಮೇಲೆ ಓಡಿ ದೋಣಿಗೆ ಸುರಿಯುತ್ತಿದ್ದವಳು
ಆ ಎರಡು ಕಿಲೋ ಕಸಿದುಕೊಂಡು
ಗೋಡೆಗೆ ಒರಗಿದಳು. ಬಯ್ಯಲೂ ಇಲ್ಲ.

ಆಮೇಲೆ ಪುಸ್ತಕ ತೆಗೆದು, ತಾರೀಖು ಹಾಕಿ
ತನ್ನ ಕೈಯಿಂದಲೇ ಬರೆದಳು:
ಎಪ್ಪತ್ತನಾಲ್ಕು ಪಾಯಿಂಟು ಮೂರು,
ಉಪ್ಪು ಬಿಟ್ಟು.