ಚೀಲದ ಕಿವಿ

ಬ್ಯಾಡಗಿಯಲ್ಲಿ ಬಣ್ಣದ ಬಗ್ಗೆ ಮಾತಾಡುವಾಗ
ಹುಷಾರಾಗಿರಬೇಕು. ಅಲ್ಲಿ ಅದನ್ನು ತೂಗಿ ಮಾರುತ್ತಾರೆ.
ನನಗದು ಹೊಳೆದಿರಲಿಲ್ಲ.

ಉಣಕಲ್ಲಿನ ಬಾಡಿಗೆ ಕೋಣೆಯಲ್ಲಿ ಎಂಟು ತಿಂಗಳು ಕೂತು
ದಲಾಲಿ ಅಂಗಡಿಗೊಂದು ಲೆಕ್ಕದ ತಂತ್ರಾಂಶ ಬರೆದಿದ್ದೆ:
ಅಂಚಿಗೆ ಒಣಮೆಣಸಿನಕಾಯಿ ಕೆಂಪು,
ಗುಂಡಿಯೋ ಚುಕ್ಕಿಯೋ ತಿಳಿಯದಷ್ಟು ನಯವಾದ ಗುಂಡಿಗಳು,
ಮುಚ್ಚುವ ಗುರುತು ಎಡಮೂಲೆಯಲ್ಲಿ, ತೊಟ್ಟಿನ ಆಕಾರದಲ್ಲಿ.
ನೋಡಿದ ಕೂಡಲೇ ಇದು ನಾಗವೇಣಿದು ಅನ್ನಬೇಕು,
ಅಷ್ಟೇ ಆಸೆ.

ಗುಮಾಸ್ತ ಗುದ್ಲೆಪ್ಪ ಹಾದಿಮನಿ
ಎರಡು ಸೀನು ಸೀನಿ, ವಸ್ತ್ರ ಮಡಚಿ, ಮೌಸು ಹಿಡಿದರು.
ಕೈ ಬಲಮೂಲೆಗೆ ಹೋಯಿತು. ಅಲ್ಲೇನೂ ಇರಲಿಲ್ಲ.
ಮತ್ತೆ ಅಲ್ಲಿಗೇ ಹೋಯಿತು,
ಕರೆಂಟು ಹೋದಾಗ ತಮ್ಮದೇ ಮನೆಯ ಚಿಲಕ ತಡವುವವರ ಹಾಗೆ.
"ತಂಗಿ, ಬಾಗಲಾ ಕಿತ್ತು ಯಾವ ಗೋಡಿಗೆ ಹಚ್ಚೀಯವಾ?"

ನಾನು ಭಾಷಣ ಮಾಡಿದೆ.
ಎಲ್ಲ ತಂತ್ರಾಂಶವೂ ಒಂದೇ ಬೂದಿ ಬಳಿದುಕೊಂಡು ನಿಂತರೆ
ಯಾವುದು ಯಾರದೆಂದು ತಿಳಿಯುವುದು ಹೇಗೆ, ಅಂದೆ.
ಪೂರ್ತಿ ಕೇಳಿದರು. ಸೀನಿದರು.
"ಊರಿಗೆ ಬಂದಾಕಿ ನೀರಿಗೆ ಬರೂದಿಲ್ಲ ಅಂದ್ರ ಹ್ಯಾಂಗ?"

ಹೊರಗೆ ಡಬ್ಬಿ, ಕಡ್ಡಿ, ಗುಂಟೂರು.
ಎಲ್ಲ ಚೀಲಕ್ಕೂ ಒಂದೇ ಗೋಣಿ, ಒಂದೇ ಹೊಲಿಗೆ.
ಹಮಾಲರು ಕಣ್ಣೆತ್ತದೆ ಹೊರುತ್ತಿದ್ದರು,
ಚೀಲದ ಕಿವಿ ಎಲ್ಲಿರುತ್ತದೆಂದು ಬೆರಳಿಗೆ ಗೊತ್ತು.
ಖರೀದಿದಾರ ಕೈ ತೂರಿಸಿ, ಒಂದು ಕಾಯಿ ಮುರಿದು,
ಒಳಗಿನದನ್ನು ಬೆಳಕಿಗೆ ಹಿಡಿಯುತ್ತಿದ್ದ.
ನನ್ನ ಕಾಯಿ ಬೇರೆ ಎಂದು ತೋರಿಸಲು
ಚೀಲದ ಬುಡಕ್ಕೆ ಕಿವಿ ಹೊಲಿದವರು
ಆ ಪೇಟೆಯಲ್ಲಿ ಒಬ್ಬರೂ ಇರಲಿಲ್ಲ.

ವಾಪಸು ಬಂದು ಎಲ್ಲ ಅಳಿಸಿದೆ.
ಇಲ್ಲೊಂದು ಗುಂಡಿ ಬೇಕು, ಎಂದಷ್ಟೇ ಬರೆದೆ;
ಹೇಗಿರಬೇಕೆಂದು ಯಂತ್ರವೇ ಹೇಳಲಿ.
ಮುಂಗಟ್ಟಿನ ಹಳೇ ಡಬ್ಬದಲ್ಲಿ ಅದು ಉಬ್ಬಿಕೊಂಡಿತು,
ಮಾಲೀಕರ ಹೊಸ ಲ್ಯಾಪ್‌ಟಾಪಿನಲ್ಲಿ ಹಪ್ಪಳದಂತೆ ಚಪ್ಪಟೆ.
ಗುದ್ಲೆಪ್ಪನವರ ಕೈ ಬಲಮೂಲೆಗೆ ಹೋಗಿ
ತಲುಪಿತು.

ಆದರೂ ಒಂದು ಮುಳ್ಳು.
ಯಾವುದು ಈ ಮನೆಯ ರೂಪ? ಯಾರ ಮನೆ?
ಪರದೆಯ ಮೇಲಿನ ಹಸಿರು ದಿನ್ನೆ ತೋರಿಸಿ ಅವರೇ ಒಮ್ಮೆ
"ಇದು ಮೋಟೆಬೆನ್ನೂರ ಕಡೀದೇನು?" ಎಂದು ಕೇಳಿದ್ದರು.
ಆ ಬೂದುಬಣ್ಣದ ಚೌಕ ಬರೆದವನ ಕಣ್ಣಿಗೆ
ಮೆಣಸಿನ ಧೂಳು ಬಿದ್ದಿಲ್ಲ. ಅವನೂ ಪರಸ್ಥಳದವನೇ.
ನನಗಿಂತ ಮೊದಲು ಬಂದು ಜಾಗ ಹಿಡಿದ, ಅಷ್ಟೇ.
ಹಾಗೆ ಹಿಡಿದವನನ್ನೇ ನಾವು
ಸ್ಥಳೀಕ ಅನ್ನುತ್ತೇವೋ ಏನೋ.

ಸೋಮವಾರ ಫೋನು ಬಂತು.
ಕಡ್ಡಿಯ ಹದಿನೇಳು ಲಾಟು
ಮಾಲೀಕರ ಮನೆಖರ್ಚಿನ ಪಟ್ಟಿಯಲ್ಲಿ ಕೂತಿದ್ದವು.
"ಎಲ್ಲಾ ಒಂದ ಮಾರೀವು ಆಗ್ಯಾವ ನೋಡವಾ."
ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಅದೇ ಹೆಚ್ಚು ಉರಿಯಿತು.

ಬಸ್ಸು ಹಿಡಿದು ಹೋದೆ,
ತಲೆಕಟ್ಟಿಗೆ ಒಂದು ಸಣ್ಣ ಕೆಂಪು ಗೆರೆಯಾದರೂ ಹಾಕಿಬಿಡಲು.
ಮಾನಿಟರಿನ ಗಾಜಿನ ಮೇಲೆ ಒಂದು ಟಿಕಳಿ.
ನನ್ನ ಮೊದಲಿನ ಆವೃತ್ತಿಯಲ್ಲಿ ಉಳಿಸು ಎಂಬ ಗುಂಡಿ
ಗುಂಡಿಯೆಂದೇ ಕಾಣದೆ
ಮೊಮ್ಮಗಳ ಹಾಳೆಯಿಂದ ಕಿತ್ತು ಗುರುತಿಗೆ ಅಂಟಿಸಿದ್ದಂತೆ.
ಗುಂಡಿ ಈಗ ಬೇರೆ ಕಡೆ. ಟಿಕಳಿ ಅಲ್ಲೇ.

ತೆಗೆಯಲೇ, ಅಂದೆ.
"ಇರ್ಲಿ ಬಿಡು. ಗೆರೀನೂ ಬ್ಯಾಡ, ಏನೂ ಬ್ಯಾಡ."

ಈಗ ದಿನಾ ಮುಂಜಾನೆ ಯಂತ್ರ ಹಚ್ಚಿ
ನನ್ನ ಬೂದು ಕಿಟಕಿಯನ್ನು
ಅತ್ತ ಇಷ್ಟು, ಇತ್ತ ಇಷ್ಟು ಎಳೆದು
ಅದರ ಹಣೆ ಸರಿಯಾಗಿ ಟಿಕಳಿಯ ಕೆಳಗೆ ಬಂದಾಗ
ಕೈಬಿಡುತ್ತಾರೆ. ಸೀನುತ್ತಾರೆ.
ಮೊದಲ ಚೀಲದ ತೂಕ ಬರೆಯುತ್ತಾರೆ.