ಮೂವತ್ತೆಂಟು ಇಂಚು

ಇರುವ ಮೂವತ್ತಮೂರೇ ಸಾಕು ಅಂದ ಥೋರ್ಲೇಫ್,
ಅಕುರೇರಿಯ ಶೆಡ್ಡಿನಲ್ಲಿ ಟೇಪು ಎಳೆದು.
ಮೂವತ್ತೆಂಟು, ಅಂದೆ.
ಹಾಗಾದರೆ ಮಡ್‌ಗಾರ್ಡು ಕೊಯ್ಯಬೇಕು, ಗೇರು ಬದಲಿಸಬೇಕು,
ಡೀಸೆಲ್ಲು ನೀರಿನ ಹಾಗೆ—
ಕೊಯ್ಯಿ.
ಹಾಸಿಗೆ ಇದ್ದಷ್ಟು ತಾನೆ ಕಾಲು ಚಾಚುವುದು?
ನನ್ನ ಹಾಸಿಗೆ ಹಿಮ.

ಅಂದಕ್ಕಲ್ಲ ಮಾರಾಯ.
ಫೆಬ್ರವರಿಯಲ್ಲಿ ಘಟ್ಟದ ನೆತ್ತಿಯ ಮೇಲೆ
ಬಾನೆಟ್ಟು ಮುಳುಗಿತ್ತು;
ಚೀಲದಲ್ಲಿ ಕತ್ತರಿ, ದಾರ, ಮಡಿಸಿದ ಟವೆಲ್ಲು.
ಅಲ್ದೀಸಳ ಮಗು ನನಗಾಗಿ ಕಾಯಲಿಲ್ಲ.

ಈಗ ಗಾಳಿ ಬಿಟ್ಟರೆ, ಬುಸ್ಸೆಂದು,
ಬಸುರಿಯ ಹಾಗೆ ಅಗಲಕ್ಕೆ ಕೂರುತ್ತದೆ ಟಯರು.
ಹಿಮ ಒಡೆಯುವುದಿಲ್ಲ.

ಮೀಟರಿಗೆ ಮಾತ್ರ ಸುದ್ದಿ ಮುಟ್ಟಿಲ್ಲ:
ನಲವತ್ತು ಕಿಲೋಮೀಟರಿಗೆ ಮೂವತ್ತೈದು ಅನ್ನುತ್ತದೆ.
ತಿದ್ದಲಾ?
ಬೇಡ ಬಿಡು,
ನೋವು ಎಣಿಸುತ್ತಾ ಎಷ್ಟು ದೂರ ಅಂತ ಕೇಳುವವಳಿಗೆ
ಓದಿ ಹೇಳಲು ಒಂದು ಸುಳ್ಳು ಇರಲಿ.